ಕಣ್ಣು ಕಾಣದ ನಾಯಿಯನ್ನು ಕಟ್ಟಿಹಾಕಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್‌ಗೆ 8 ವರ್ಷ. ಮೊದಮೊದಲು ಕತ್ತಲಾದ ಮೇಲೆ ಹೊರಗೆ ಹೋಗಲು ಹಿಂಜರಿಯುತ್ತಿದ್ದ. ಈಗ ಹಗಲಲ್ಲೂ ಬಾಗಿಲಿಗೆ ಗುದ್ದುತ್ತಾನೆ. ತೋರಿಸಿದಾಗ ಕಣ್ಣಿನ ಹಿಂಭಾಗದ ಪದರ, ಅಂದರೆ ರೆಟಿನಾ ಸವೆಯುವ ಪಿಆರ್‌ಎ ಅನ್ನುವ ಕಾಯಿಲೆ ಅಂದರು, ಔಷಧಿ ಇಲ್ಲವಂತೆ. ಪೆಟ್ಟು ಮಾಡಿಕೊಳ್ಳುತ್ತಾನೆ, ಕಟ್ಟಿಹಾಕು ಅಂತಾರೆ ಅಮ್ಮ.

ಪಶುವೈದ್ಯರು: ಕಟ್ಟಬೇಡಿ. ಪಿಆರ್‌ಎ ವಂಶದಿಂದ ಬರುವ ಕಾಯಿಲೆ, ನೋವು ಇರುವುದಿಲ್ಲ. ನಿಧಾನಕ್ಕೆ ದೃಷ್ಟಿ ಹೋಗುವುದರಿಂದ ಮೂಗು, ಕಿವಿ, ಪಾದ ನಂಬಿ ಓಡಾಡುವುದನ್ನು ಅವನು ಆಗಲೇ ಕಲಿಯುತ್ತಿರುತ್ತಾನೆ. ಮನೆಯ ದಾರಿ ಅವನಿಗೆ ಬಾಯಿಪಾಠ. ನೀವು ಅದನ್ನು ಕೆಡಿಸದಿದ್ದರೆ ಅರ್ಧ ಕೆಲಸ ಆಯಿತು.

ಸೋಫಾ, ಊಟದ ತಟ್ಟೆ, ನೀರಿನ ಬಟ್ಟಲು, ಹಾಸಿಗೆ ಇದ್ದಲ್ಲೇ ಇರಲಿ. ದಾರಿಗೆ ಅಡ್ಡ ಚಪ್ಪಲಿ, ಬಕೆಟ್ ಬೇಡ. ಹಬ್ಬಕ್ಕೆ ಮನೆ ತೊಳೆಯುವಾಗ ಎಲ್ಲ ಎತ್ತಿಡುತ್ತೇವಲ್ಲ, ಅವತ್ತು ಅವನು ಒಂದು ರೂಮಿನಲ್ಲಿ ಇರಲಿ. ಮೆಟ್ಟಿಲಿಗೆ ಸಣ್ಣ ಗೇಟ್ ಹಾಕಿ. ಮೇಲೆ, ಕೆಳಗೆ ಒಂದೊಂದು ಒರಟು ಕಾಲೊರಸು ಹಾಸಿ, ಪಾದಕ್ಕೆ ತಗುಲಿದ ಕೂಡಲೇ ಮೆಟ್ಟಿಲು ಬಂತು ಅಂತ ಗೊತ್ತಾಗಬೇಕು. ಗುರುತಿಗೆ ಸುಗಂಧದ ಎಣ್ಣೆ ಹಚ್ಚಿ ಅನ್ನುವವರೂ ಇದ್ದಾರೆ. ನಮ್ಮ ಮನೆಗಳ ಫಿನಾಯಿಲ್ ವಾಸನೆಯ ಮುಂದೆ ಅದೆಲ್ಲ ನಿಲ್ಲುತ್ತಾ? ನನಗೆ ಕಾಲೊರಸೇ ಮೇಲು.

ಮುಟ್ಟುವ ಮೊದಲು ಹೆಸರು ಕರೆಯಿರಿ, ಮಕ್ಕಳಿಗೂ ಕಲಿಸಿ. ಮಲಗಿದ್ದಾಗ ಸುಮ್ನೆ ಕೈ ಹಾಕಿದರೆ ಬೆಚ್ಚಿ ಕಚ್ಚಬಹುದು. "ನಿಲ್ಲು", "ಮೆಟ್ಟಿಲು" ಅಂತ ಎರಡು ಮಾತು ಕಲಿಸಿ, ಮನೆಯವರೆಲ್ಲ ಅದನ್ನೇ ಬಳಸಿ.

ಪ್ರಶ್ನೆ: ವಾಕಿಂಗ್ ನಿಲ್ಲಿಸಬೇಕಾ?

ಪಶುವೈದ್ಯರು: ಖಂಡಿತ ಬೇಡ. ಅದೇ ರಸ್ತೆ, ಅದೇ ಹೊತ್ತು. ಕತ್ತಿನ ಬೆಲ್ಟ್‌ಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಬೇಕಾದಷ್ಟು ಮೂಸಲಿ, ಎಳೆಯಬೇಡಿ. ಬೀದಿನಾಯಿ ಬಾಲ ಎತ್ತಿದ್ದು, ಹಲ್ಲು ತೋರಿಸಿದ್ದು ಅವನಿಗೆ ಕಾಣುವುದಿಲ್ಲ. ಅದನ್ನು ನೀವೇ ಗಮನಿಸಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮ ಪೊಮೆರೇನಿಯನ್‌ಗೆ ನಿನ್ನೆಯಿಂದ ಇದ್ದಕ್ಕಿದ್ದಂತೆ ಕಾಣ್ತಿಲ್ಲ. ಒಂದು ಕಣ್ಣು ಕೆಂಪಾಗಿದೆ. ಇದೂ ಪಿಆರ್‌ಎ ಅಲ್ವಾ?

ಪಶುವೈದ್ಯರು: ಅಲ್ಲ ಅನಿಸುತ್ತದೆ ಮೇಡಂ, ಪಿಆರ್‌ಎ ಹೀಗೆ ಒಂದೇ ದಿನದಲ್ಲಿ ಬರುವುದಿಲ್ಲ. ಗ್ಲಾಕೋಮಾ ಇರಬಹುದು, ಅದರಲ್ಲಿ ಕಣ್ಣಿನೊಳಗೆ ಒತ್ತಡ ಏರಿ ವಿಪರೀತ ನೋವಾಗುತ್ತದೆ. ಉಣ್ಣಿ ಜ್ವರದಲ್ಲೂ ಕಣ್ಣೊಳಗೆ ರಕ್ತ ಇಳಿಯಬಹುದು. ಬಿಪಿ ಜಾಸ್ತಿಯಾಗಿ ರೆಟಿನಾ ಕಳಚಿದ್ದರೂ ಹೀಗಾಗುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ದೃಷ್ಟಿ ಉಳಿಯುವ ಸಾಧ್ಯತೆ ಇದೆ, ಇವತ್ತೇ ತೋರಿಸಿ. ಅಲ್ಲಿಯವರೆಗೆ ಮನೆಯಲ್ಲಿ ಉಳಿದಿರುವ ಯಾವ ಡ್ರಾಪ್ಸೂ ಹಾಕಬೇಡಿ. ಕಣ್ಣಲ್ಲಿ ಹುಣ್ಣಿದ್ದರೆ ಸ್ಟೀರಾಯ್ಡ್ ಡ್ರಾಪ್ಸ್ ಅದನ್ನು ಇನ್ನೂ ಕೆಡಿಸುತ್ತದೆ.