ಪ್ರಶ್ನೋತ್ತರ: ಮೆಣಸಿನಕಾಯಿ, ಶಾಸನ, ಗ್ರಹಣ ಮತ್ತು ಸಂಶೋಧನೆಯ ಹಲವು ಬಗೆಗಳು

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಓದುಗರ ಈ ಬಳಗದಲ್ಲಿ ಈ ವಾರ ಸಂಶೋಧನೆಯ ಕುರಿತ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು, ಧಾರವಾಡದಲ್ಲಿ ಬಹುಕಾಲ ಇತಿಹಾಸವನ್ನೂ ಶಾಸನಶಾಸ್ತ್ರವನ್ನೂ ಕಲಿಸಿ, ಅನೇಕ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿ ಈಗ ನಿವೃತ್ತರಾಗಿರುವ ಪ್ರಾಧ್ಯಾಪಕರು.

ಪ್ರಶ್ನೆ (ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಹಾವೇರಿ): ಗುರುಗಳಿಗೆ ನಮಸ್ಕಾರ. ನಮ್ಮ ಅಣ್ಣ ಕೃಷಿ ವಿಜ್ಞಾನ ಓದಿ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ನನಗೆ ಇತಿಹಾಸದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ. ಮಾಡುವ ಆಸೆಯಿದೆ. ಮನೆಗೆ ಬಂದವರೆಲ್ಲ, ‘ಅವನದು ಸಂಶೋಧನೆ, ನಿನ್ನದು ಬರೀ ಓದಿ ಬರೆಯುವ ಕೆಲಸ’ ಎನ್ನುತ್ತಾರೆ. ಇದಕ್ಕೆ ಏನು ಉತ್ತರ ಕೊಡಬೇಕು?

ಉತ್ತರ: ತಂಗೀ, ಆ ಮಾತಿಗೆ ನೊಂದುಕೊಳ್ಳಬೇಡ. ನಿಮ್ಮ ಅಣ್ಣನ ಮೆಣಸಿನಕಾಯಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿ.ಐ. ಟ್ಯಾಗ್ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಹೆಗ್ಗಳಿಕೆ. ನಿಮ್ಮ ಅಣ್ಣ ಆ ಕೆಂಪು ಎಷ್ಟೆಂಬುದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾನೆ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ನಿನ ಪ್ರಮಾಣವನ್ನು ಕಂಡುಕೊಳ್ಳುತ್ತಾನೆ, ಎಲೆ ಮುಟುರು ರೋಗವನ್ನು ತಡೆಯುವ ಗಿಡ ಯಾವುದೆಂದು ಹೊಲದಲ್ಲಿ ಹುಡುಕುತ್ತಾನೆ. ಅದೇ ಕಾಯಿಯನ್ನು ನೀನು ಕೈಗೆತ್ತಿಕೊಂಡರೆ ಪ್ರಶ್ನೆಯೇ ಬೇರೆಯಾಗುತ್ತದೆ. ಇದು ಮೂಲತಃ ಈ ನೆಲದ ಗಿಡವಲ್ಲ. ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲೆ ನಮ್ಮಲ್ಲಿಗೆ ಬಂದದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಿದ್ಧಪಡಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ವಿವರಗಳು ಬೇಕಾದಷ್ಟಿವೆ, ಆದರೆ ಅಲ್ಲಿ ಖಾರಕ್ಕೆ ಬಳಕೆಯಾಗುವುದು ಮೆಣಸು ಮತ್ತು ಶುಂಠಿಯೇ ಹೊರತು ಮೆಣಸಿನಕಾಯಿ ಅಲ್ಲ. ಇಲ್ಲಿ ಇಲ್ಲದಿರುವುದೇ ಪುರಾವೆಯಾಗುತ್ತದೆ. ಆದರೆ ಇಂಥ ಪುರಾವೆ ಬಹಳ ನಾಜೂಕಿನದು. ಒಂದೆರಡು ಗ್ರಂಥ ತಿರುವಿಹಾಕಿ ‘ಇಲ್ಲ’ ಎನ್ನುವಂತಿಲ್ಲ, ಆ ಕಾಲದ ಗ್ರಂಥ, ಶಾಸನ, ಸುಂಕದ ಪಟ್ಟಿ ಎಲ್ಲವನ್ನೂ ಸೋಸಿ ನೋಡಿದವರಿಗೆ ಮಾತ್ರ ಆ ಮಾತಾಡುವ ಹಕ್ಕು ಬರುತ್ತದೆ.

ಭಾಷಾಶಾಸ್ತ್ರದವರು ಇದೇ ಸಂಗತಿಯನ್ನು ಪದದೊಳಗೆ ಕಾಣುತ್ತಾರೆ. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಹೆಸರನ್ನು ಎರವಲು ಕೊಟ್ಟ ಹಳೆಯ ಮೆಣಸು ಈಗ ತನ್ನ ಗುರುತಿಗಾಗಿ ಕರಿಮೆಣಸು, ಕಾಳುಮೆಣಸು ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಗಿದೆ. ಅರ್ಥಶಾಸ್ತ್ರದವರು ಬ್ಯಾಡಗಿ ಮಾರುಕಟ್ಟೆಯ ಟೆಂಡರ್ ದರವನ್ನೂ ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಚೀಲಗಳನ್ನೂ ನೋಡುತ್ತಾರೆ. ಸಮಾಜಶಾಸ್ತ್ರದವರು ದಿನವಿಡೀ ಕುಳಿತು ಕಾಯಿಯ ತೊಟ್ಟು ಬಿಡಿಸುವ, ಸಂಜೆಯಾದರೂ ಕೈಯುರಿ ತಣಿಯದ ಹೆಣ್ಣುಮಕ್ಕಳ ಕೂಲಿಯ ಲೆಕ್ಕವನ್ನು ಕೇಳುತ್ತಾರೆ. ಕಾಯಿ ಒಂದೇ. ಯಾರು ಯಾವುದನ್ನು ಪುರಾವೆಯೆಂದು ಒಪ್ಪುತ್ತಾರೆ, ಅದನ್ನು ಕೈಗೆ ತಂದುಕೊಳ್ಳಲು ಎಷ್ಟು ಕಷ್ಟಪಡಬೇಕು ಎಂಬುದರಲ್ಲಿ ವ್ಯತ್ಯಾಸವಿದೆ. ಇವುಗಳಲ್ಲಿ ಯಾವುದೂ ಬರೀ ಓದಿ ಬರೆಯುವ ಕೆಲಸವಲ್ಲ.

ಪ್ರಶ್ನೆ (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಗದಗ): ಸರ್, ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ವಿಜ್ಞಾನದಲ್ಲಿ ಒಬ್ಬರು ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಮಾಡಿ ನೋಡಬಹುದು. ಆಗಿಹೋದ ಕಾಲವನ್ನು ಮತ್ತೆ ಆಗಿಸಲು ಬರುವುದಿಲ್ಲ. ಹಾಗಿರುವಾಗ ಇತಿಹಾಸದ ಸಂಶೋಧಕರು ತಪ್ಪಿದ್ದಾರೆ ಎಂಬುದು ಗೊತ್ತಾಗುವುದಾದರೂ ಹೇಗೆ?

ಉತ್ತರ: ಮಾಸ್ತರೇ, ಇದು ಕೇಳಲೇಬೇಕಾದ ಪ್ರಶ್ನೆ. ನಾನೇ ತಪ್ಪಿದ ಒಂದು ಪ್ರಸಂಗವನ್ನು ಹೇಳುತ್ತೇನೆ; ಅದಕ್ಕೂ ಮೊದಲು ನಿಮ್ಮ ಊರಿನ ಪಕ್ಕದ ಲಕ್ಕುಂಡಿಗೆ ಹೋಗೋಣ. ದಾನಚಿಂತಾಮಣಿ ಅತ್ತಿಮಬ್ಬೆ ಅಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ್ದು 1007ರಲ್ಲಿ. ಇದರಲ್ಲಿ 78 ಕಳೆದರೆ ಶಕವರ್ಷ 929 ಆಗುತ್ತದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಆ ವರ್ಷಕ್ಕೆ ಬರುವ ಹೆಸರು ಪ್ಲವಂಗ. ಯಾರಾದರೂ ಕೊನೆಯ ಅಂಕಿಯನ್ನು ತಪ್ಪಾಗಿ ಗ್ರಹಿಸಿ 926 ಎಂದು ಓದಿದರೆ ಸಂವತ್ಸರ ಕ್ರೋಧಿ ಆಗಬೇಕಾಗುತ್ತದೆ. ಅಂಕಿಗೂ ಹೆಸರಿಗೂ ತಾಳೆಯಾಗುವುದಿಲ್ಲ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ನಮ್ಮ ಶಾಸನಗಳಲ್ಲಿ ಕಾಲವನ್ನು ಒಂದೇ ಬಗೆಯಲ್ಲಿ ಹೇಳುವುದಿಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಸಂಕ್ರಮಣ ಅಥವಾ ಗ್ರಹಣ, ಹೀಗೆ ನಾಲ್ಕಾರು ಕೊಂಡಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಮತ್ತು ಒಂದು ಕೊಂಡಿ ಸುಳ್ಳಾದರೆ ಉಳಿದವು ಅದನ್ನು ತೋರಿಸಿಕೊಡುತ್ತವೆ.

ಈಗ ನನ್ನ ಪ್ರಸಂಗ. ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೆರೆಯ ದಂಡೆಯ ಮೇಲೊಂದು ದಾನಶಾಸನವಿತ್ತು. ಕಲ್ಲಿಗೆ ನೀರು ಹಾಕಿ ತಿಕ್ಕಿ, ಪಾಚಿ ಮತ್ತು ಸುಣ್ಣವನ್ನು ತೆಗೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಕುಂಚದಿಂದ ಹದವಾಗಿ ಬಡಿದೆವು. ಹಾಗೆ ಬಡಿಯುವಾಗ ಕಾಗದವು ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಅರೆಬರೆ ಒಣಗಿದ ಮೇಲೆ ಮಸಿಯಲ್ಲಿ ಅದ್ದಿದ ಅರಿವೆಯ ಗಂಟನ್ನು ಮೃದುವಾಗಿ ಒತ್ತುತ್ತ ಹೋದರೆ ಕಲ್ಲಿನ ಮೈಯೆಲ್ಲ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಇದನ್ನೇ ಪಡಿಯಚ್ಚು ಎನ್ನುತ್ತೇವೆ. ಆ ಪಡಿಯಚ್ಚಿನಲ್ಲಿ ಶಕವರ್ಷದ ಕೊನೆಯ ಅಂಕಿಯನ್ನು ನಾನು ಆರು ಎಂದು ಓದಿದೆ. ಸಂವತ್ಸರದ ಹೆಸರಿದ್ದ ಭಾಗ ಚಕ್ಕೆ ಎದ್ದುಹೋಗಿತ್ತು. ಅಮಾವಾಸ್ಯೆ, ಸೂರ್ಯಗ್ರಹಣ ಮತ್ತು ವಾರ ಮಾತ್ರ ಉಳಿದಿದ್ದವು. ಅವುಗಳನ್ನು ತಾಳೆ ನೋಡದೆಯೇ ಲೇಖನವನ್ನು ಅಚ್ಚಿಗೆ ಕೊಟ್ಟೆ. ಎರಡು ವರ್ಷಗಳ ಮೇಲೆ ಗಣಿತದ ಅಧ್ಯಾಪಕರೊಬ್ಬರು ಲೆಕ್ಕ ಹಾಕಿ, ‘ನೀವು ಹೇಳುವ ವರ್ಷದ ಆ ಅಮಾವಾಸ್ಯೆಯಂದು ಇಲ್ಲಿ ಗ್ರಹಣ ಕಂಡಿರಲು ಸಾಧ್ಯವಿಲ್ಲ, ಮೂರು ವರ್ಷ ಮುಂದಕ್ಕೆ ಹೋದರೆ ಗ್ರಹಣವೂ ವಾರವೂ ಕೂಡಿಬರುತ್ತವೆ’ ಎಂದು ಪತ್ರ ಬರೆದರು. ಮರುವಾರವೇ ಆ ಹಳ್ಳಿಗೆ ಹೋಗಿ ಬೆಳಗಿನ ಓರೆ ಬಿಸಿಲಿನಲ್ಲಿ ಕಲ್ಲನ್ನು ನೋಡಿದೆ. ಅಂಕಿ ಒಂಬತ್ತಾಗಿತ್ತು. ಕಲ್ಲು ಸವೆದು ಅದರ ಒಂದು ಎಳೆ ಮಾಸಿದ್ದನ್ನು ನಾನು ಗಮನಿಸಿರಲಿಲ್ಲ. ತಿದ್ದುಪಡಿಯನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದೆ. ಆ ಕಲ್ಲು ಅಲ್ಲಿಯೇ ನಿಂತಿದ್ದುದರಿಂದ, ನನ್ನ ಓದನ್ನು ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವಾದುದರಿಂದ ಇದು ಸಾಧ್ಯವಾಯಿತು; ನಿಮ್ಮ ಪ್ರಯೋಗದ ಪುನರಾವರ್ತನೆಗೂ ಇದಕ್ಕೂ ನನಗೆ ದೊಡ್ಡ ದೂರ ಕಾಣುವುದಿಲ್ಲ. ಆದುದರಿಂದಲೇ ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಬಳಸುವುದನ್ನೋ ಗುಡಿಯ ಜೀರ್ಣೋದ್ಧಾರದಲ್ಲಿ ಅದಕ್ಕೆ ಬಣ್ಣ ಬಳಿಯುವುದನ್ನೋ ಕಂಡಾಗ ನನಗೆ ಸಂಕಟವಾಗುತ್ತದೆ. ಅಲ್ಲಿಗೆ ಮರುಪರೀಕ್ಷೆಯ ದಾರಿ ಮುಚ್ಚಿದಂತೆ.

ಸೇರ್ಪಡೆ (ಸಸ್ಯತಳಿ ವಿಜ್ಞಾನಿ, ಧಾರವಾಡ): ಗುರುಗಳ ಮಾತಿಗೆ ನಮ್ಮ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಹೊಲದ ಪ್ರಯೋಗವೂ ಇದ್ದಂತೆಯೇ ಮರುಕಳಿಸುವುದಿಲ್ಲ, ಏಕೆಂದರೆ ಕಳೆದ ವರ್ಷದ ಮಳೆ ಈ ವರ್ಷ ಬರುವುದಿಲ್ಲ. ಅದಕ್ಕಾಗಿಯೇ ನಾವು ಒಂದು ತಳಿಯನ್ನು ಒಂದೇ ಕಡೆ ಬಿತ್ತದೆ, ಅನೇಕ ತಾಕುಗಳಲ್ಲಿ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಹಲವು ಹಂಗಾಮುಗಳಲ್ಲಿ ಬೆಳೆದು ನೋಡುತ್ತೇವೆ. ಈ ಕ್ರಮವನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್. ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಬಿ.ಎಚ್. ಕಟರಕಿಯವರು 1972ರಲ್ಲಿ ಹೊರತಂದ ‘ವರಲಕ್ಷ್ಮಿ’ ಹತ್ತಿಯೂ ತಾಳ್ಮೆಯ ಫಲವೇ. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸುವ ಆ ಕೆಲಸದಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಗ್ಗೆ ಇನ್ನೊಂದರ ಪರಾಗವನ್ನು ಮುಟ್ಟಿಸಬೇಕು. ಹೀಗೆ ಒಂದೊಂದೇ ಹೂವಿಗೆ ಮಾಡಬೇಕು.

ಪ್ರಶ್ನೆ (ಖಾಸಗಿ ಕಾಲೇಜಿನ ಉಪನ್ಯಾಸಕರು, ಹುಬ್ಬಳ್ಳಿ): ವಿಜ್ಞಾನದ ಲೇಖನಗಳಲ್ಲಿ ಹತ್ತಾರು ಹೆಸರುಗಳಿರುತ್ತವೆ, ಕನ್ನಡ ಅಥವಾ ಇತಿಹಾಸದ ಲೇಖನಗಳಲ್ಲಿ ಒಂದೇ ಹೆಸರು. ಇದೇಕೆ?

ಉತ್ತರ: ಕೆಲಸವೇ ಹಾಗಿದೆ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಒಂದು ಭೌತಶಾಸ್ತ್ರದ ಲೇಖನಕ್ಕೆ 5,000ಕ್ಕೂ ಹೆಚ್ಚು ಲೇಖಕರಿದ್ದಾರೆ. ಆ ಕಣವನ್ನು ಹಿಡಿದು ಅಳೆಯುವ ಬೃಹತ್ ಯಂತ್ರವನ್ನು ಕಟ್ಟಲು, ನಡೆಸಲು, ಅಂಕಿ ಸೋಸಲು ಅಷ್ಟು ಜನ ಬೇಕಾದರು. ಹಳಗನ್ನಡ ಕಾವ್ಯದ ಒಂದು ಪಾಠಾಂತರವನ್ನು, ಅಂದರೆ ಪ್ರತಿಯಿಂದ ಪ್ರತಿಗೆ ಬೇರೆಯಾಗುವ ಪದವನ್ನು ತೀರ್ಮಾನಿಸುವಾಗ ಓಲೆಗರಿಯ ಮುಂದೆ ಒಬ್ಬರೇ ಕುಳಿತಿರುತ್ತಾರೆ. ಆದುದರಿಂದ ಲೇಖನಗಳ ಸಂಖ್ಯೆಯನ್ನು ಎಣಿಸಿ ಎರಡೂ ಕಡೆಯವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ (ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ): ಎರಡೂ ಕಡೆ ಆಸಕ್ತಿ ಇರುವವರಿಗೆ ದಾರಿಯೇನಾದರೂ ಇದೆಯೇ ಸರ್? ಯಾವುದಾದರೂ ಒಂದನ್ನು ಬಿಡಲೇಬೇಕೇ?

ಉತ್ತರ: ಬಿಡಬೇಕಾಗಿಲ್ಲ ತಮ್ಮಾ, ಆದರೆ ಒಂದರಲ್ಲಿ ಮೊದಲು ಕಾಲೂರಬೇಕು. ನಮ್ಮ ಧಾರವಾಡದ ಹೆಸರು ಭೂವಿಜ್ಞಾನದಲ್ಲಿ ನಿಂತುಹೋದದ್ದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯಿಂದ. 1880ರ ದಶಕದಲ್ಲಿ ಅವರು ಈ ಭಾಗದ ಚಿನ್ನದ ಸೆಲೆಯಿರುವ ಶಿಲಾಸ್ತರಗಳಿಗೆ ‘ಧಾರವಾಡ’ದ ಹೆಸರಿಟ್ಟರು, ಗದಗ ಕಡೆಯ ಕಪ್ಪತಗುಡ್ಡವೂ ಇದೇ ಬಗೆಯ ಬಂಡೆಗಳ ಸಾಲು, 250 ಕೋಟಿ ವರ್ಷಗಳಿಗೂ ಹಿಂದಿನದು. ಅದೇ ಫೂಟ್ ಅವರು 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಹದಿ ಹಾಕಿದರು. ಬಂಡೆಯನ್ನು ಬಲ್ಲ ಕಣ್ಣಿಗೆ, ಯಾವ ಕಲ್ಲು ತಾನಾಗಿ ಒಡೆದದ್ದು, ಯಾವುದನ್ನು ಮನುಷ್ಯ ಒಡೆದದ್ದು ಎಂಬುದು ತಿಳಿಯಿತು.

ನಿನ್ನ ವಿಷಯಕ್ಕೇ ಬರುವುದಾದರೆ, ಸಿ.ವಿ. ರಾಮನ್ 1920ರಲ್ಲಿ ನಮ್ಮ ತಬಲಾ, ಮೃದಂಗಗಳ ನಾದವನ್ನು ಕುರಿತು ಬರೆದರು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಶ್ರುತಿಗೆ ಹೊಂದುವುದಿಲ್ಲ. ತೊಗಲಿನ ಮೇಲೆ ಹಚ್ಚುವ ಕಪ್ಪು ಲೇಪದ ಭಾರದಿಂದ ಅವು ಹೊಂದಿಬರುತ್ತವೆ ಎಂದು ತೋರಿಸಿದರು. ಹಿಂದೂಸ್ತಾನಿ ಸಂಗೀತದ ಊರಿನಲ್ಲಿ ಭೌತಶಾಸ್ತ್ರ ಓದುವ ನಿನಗೆ ಇದು ದೂರದ ವಿಷಯವಾಗಬಾರದು. ಇನ್ನು ಗ್ರಹಣದ ಮಾತು: ಬ್ಯಾಬಿಲೋನ್, ಚೀನಾ, ಅರಬ್ ದೇಶಗಳ ಹಳೆಯ ಗ್ರಹಣ ದಾಖಲೆಗಳನ್ನು ಇಂದಿನ ಲೆಕ್ಕದೊಂದಿಗೆ ಹೋಲಿಸಿ, ಭೂಮಿಯ ತಿರುಗುವಿಕೆ ನಿಧಾನವಾಗುತ್ತಿದೆ, ದಿನದ ಉದ್ದ ಶತಮಾನಕ್ಕೆ ಎರಡು ಮಿಲಿಸೆಕೆಂಡಿಗಿಂತ ತುಸು ಕಡಿಮೆ ಪ್ರಮಾಣದಲ್ಲಿ ಹೆಚ್ಚುತ್ತಿದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥ ಲೆಕ್ಕಕ್ಕೆ ಬೇಕಾದ ದಾಖಲೆಯನ್ನು ಉಳಿಸಿಕೊಟ್ಟವರು ಲಿಪಿ ಓದಬಲ್ಲ ಭಾಷಾವಿದ್ವಾಂಸರು.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ, ಹಾವೇರಿ): ಗುರುಗಳೇ, ಖರ್ಚಿನ ಮಾತನ್ನೂ ಕೇಳಿಬಿಡುತ್ತೇನೆ. ಮನೆಯವರಿಗೆ ಹೊರೆಯಾಗದಂತೆ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಎಂ.ಎ. ಮುಗಿಯುವ ಹೊತ್ತಿಗೆ ಯು.ಜಿ.ಸಿ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಕೂರು, ಅದರಲ್ಲಿ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ದೊರೆತರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮತ್ತು ಆ ಮೊತ್ತ ವಿಜ್ಞಾನದವರಿಗೂ ಮಾನವಿಕದವರಿಗೂ ಒಂದೇ. ಯು.ಜಿ.ಸಿ.ಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು. ಆದರೆ ಅದಕ್ಕಿಂತ ಮೊದಲು ಒಂದು ಕೆಲಸ ಮಾಡು: ಈ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಗುಡಿಯ ಶಾಸನದ ಪ್ರಕಟಿತ ಪಾಠವನ್ನು ಗ್ರಂಥಾಲಯದಲ್ಲಿ ಹುಡುಕಿ ತೆಗೆದುಕೊಂಡು ಹೋಗಿ, ಕಲ್ಲಿನ ಮುಂದೆ ಕುಳಿತು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡು. ಮೂರನೆಯ ದಿನವೂ ಅಲ್ಲಿಗೆ ಹೋಗುವ ಮನಸ್ಸಾದರೆ ಈ ದಾರಿ ನಿನ್ನದು.

ಪ್ರಶ್ನೆ (ರೈತರು, ಶಿರಹಟ್ಟಿ ತಾಲೂಕು): ನಮಸ್ಕಾರ ಸರ್. ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವುಗಳನ್ನು ಎಣಿಸಲು ವಿಜ್ಞಾನದವರು ಬರುತ್ತಾರೆ, ನಮ್ಮ ತಾಯಿಯ ಹಾಡು ಬರೆದುಕೊಳ್ಳಲು ಜಾನಪದದವರು ಬಂದಿದ್ದರು. ಹೋದ ಮೇಲೆ ಯಾರೂ ಏನಾಯಿತೆಂದು ಹೇಳುವುದಿಲ್ಲ. ಇದು ಸರಿಯೇ?

ಉತ್ತರ: ಅಣ್ಣಾವ್ರೇ, ಸರಿಯಲ್ಲ. ನಿಮ್ಮ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯದ ಆಚೆಯಿಂದ ಬರುವ ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತಿದ್ದರೂ ಅವನ್ನು ಬೆದರಿಸದೆ ಉಳಿಸಿಕೊಂಡ ನಿಮ್ಮ ಸಹನೆ ಅದರ ಹಿಂದೆ ಇದೆ. ಹಕ್ಕಿ ಯಾವ ಹೊತ್ತಿಗೆ ನೀರಿಗಿಳಿಯುತ್ತದೆ, ಯಾವ ಬೆಳೆಯ ಕಡೆ ಹೋಗುತ್ತದೆ ಎಂಬುದನ್ನು ಸಂಶೋಧಕರು ಮೊದಲು ಕೇಳುವುದು ನಿಮ್ಮನ್ನೇ. ಹೇಳಿದವರಿಗೆ ಫಲಿತಾಂಶವನ್ನು ಮರಳಿ ಹೇಳುವುದು ಎಲ್ಲ ವಿಷಯದವರಿಗೂ ಒಂದೇ ಆಗಿರುವ ಕರ್ತವ್ಯ, ಮತ್ತು ಅದನ್ನು ಬಹಳ ಜನ ಮಾಡುತ್ತಿಲ್ಲ ಎಂಬುದನ್ನು ನಾನು ನೋವಿನಿಂದಲೇ ಒಪ್ಪುತ್ತೇನೆ. ವಿಜ್ಞಾನದ ಪ್ರಬಂಧಗಳು ಇಂಗ್ಲಿಷಿನಲ್ಲಿರುವುದರಿಂದ ಈ ಕಂದಕ ಇನ್ನೂ ಆಳವಾಗಿದೆ.

ಇನ್ನು ಮುಂದೆ ಯಾರಾದರೂ ಬಂದರೆ ಅವರ ಹೆಸರು, ಯಾವ ವಿಶ್ವವಿದ್ಯಾಲಯ, ಮಾರ್ಗದರ್ಶಕರು ಯಾರು ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಮುಗಿದ ಮೇಲೆ ಎರಡು ಪುಟದ ಸಾರಾಂಶವನ್ನು ಕನ್ನಡದಲ್ಲಿ ಕಳಿಸಿಕೊಡಬೇಕೆಂದು ಮೊದಲೇ ಕೇಳಿರಿ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಜಾಲತಾಣಕ್ಕೆ ಸೇರಿಸುತ್ತಾರೆ, ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಜಾನಪದದ ಪ್ರಬಂಧಗಳು ಬಹಳಷ್ಟು ಕನ್ನಡದಲ್ಲಿಯೇ ಇರುತ್ತವೆ. ನಿಮ್ಮ ತಾಯಿಯವರ ಹಾಡನ್ನು ಬರೆದುಕೊಂಡವರ ಹೆಸರು ನೆನಪಿದ್ದರೆ ಮನೆಯ ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ಹುಡುಕಿಸಿರಿ. ಸಿಗದಿದ್ದರೆ ನನಗೆ ತಿಳಿಸಿರಿ, ನಾನೇ ಹುಡುಕಿ ಆ ಪುಟಗಳನ್ನು ನಿಮಗೆ ಕಳಿಸಿಕೊಡುತ್ತೇನೆ.