ಜೀವಕೋಶ ಕೆಟ್ಟಿರೋದು ನನಗೆ, ಅವಸರ ಅಕ್ಕನಿಗೆ ಯಾಕೆ?

ಪ್ರಶ್ನೆ: ಮೇಡಂ, ನನ್ನ ಬಯಾಪ್ಸಿಯಲ್ಲಿ ಗರ್ಭಕೋಶದ ಬಾಯಲ್ಲಿ ಸಿಐಎನ್ 1 (ಜೀವಕೋಶಗಳಲ್ಲಿ ಸ್ವಲ್ಪ ಬದಲಾವಣೆ) ಅಂತ ಬಂದಿದೆ. ಎಚ್‌ಪಿವಿ ಅನ್ನೋ ವೈರಸ್ಸಿನ ರಿಪೋರ್ಟಲ್ಲಿ ಟೈಪ್ 16, 18 ನೆಗೆಟಿವ್, "ಇತರ ಹೈ ರಿಸ್ಕ್" ಪಾಸಿಟಿವ್. ಮಾತ್ರೆ ಏನೂ ಬೇಡ, ಒಂದು ವರ್ಷ ಬಿಟ್ಟು ಬನ್ನಿ ಅಂದರು. ನಮ್ಮ ಅಕ್ಕನ ಪ್ಯಾಪ್ ಸ್ಮಿಯರ್ (ಅಲ್ಲಿನ ಜೀವಕೋಶ ತೆಗೆದು ನೋಡುವ ಟೆಸ್ಟ್) ಪೂರ್ತಿ ನಾರ್ಮಲ್, ಆದರೆ ಎಚ್‌ಪಿವಿ 16 ಪಾಸಿಟಿವ್. ಅವಳನ್ನು ತಕ್ಷಣ ಕಾಲ್ಪಾಸ್ಕೋಪಿಗೆ (ಗರ್ಭಕೋಶದ ಬಾಯನ್ನು ದೊಡ್ಡದಾಗಿ ತೋರಿಸುವ ಪರೀಕ್ಷೆ) ಕಳಿಸಿದ್ದಾರೆ. ಇದು ಉಲ್ಟಾ ಅಲ್ವಾ?

ಸ್ತ್ರೀರೋಗ ತಜ್ಞೆಯ ಉತ್ತರ: ಇಲ್ಲಮ್ಮ, ಇಬ್ಬರಿಗೂ ಸರಿಯಾಗೇ ಹೇಳಿದ್ದಾರೆ.

ಸಿಐಎನ್ 1 ಅಂದರೆ ವೈರಸ್ ಈಗ ಅಲ್ಲಿದೆ ಅನ್ನೋದರ ಗುರುತು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ವೈರಸ್ಸನ್ನು ಹತ್ತಿಕ್ಕುತ್ತದೆ, ಜೀವಕೋಶಗಳೂ ಸರಿಹೋಗುತ್ತವೆ. ಅದನ್ನು ಸುಮ್ನೆ ಸುಟ್ಟು, ಕತ್ತರಿಸಿ ಪ್ರಯೋಜನವಿಲ್ಲ.

16ರ ಕಥೆ ಬೇರೆ. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಟೈಪ್‌ಗಳಿವೆ. 6 ಮತ್ತು 11 ನರುಲಿ ತರುತ್ತವೆ, ಅವುಗಳ ಚಿಂತೆ ಇಲ್ಲಿ ಬೇಡ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ 16 ಮತ್ತು 18 ಕಾರಣ, ಅದರಲ್ಲೂ 16ರ ಪಾಲೇ ಜಾಸ್ತಿ. ಅದು ಬಂದರೆ ಬೇರೆ ಟೈಪ್‌ಗಳಷ್ಟು ಬೇಗ ಹೋಗುವುದಿಲ್ಲ. ಕೆಲವರಲ್ಲಿ ಸಿಐಎನ್ 1 ಕಣ್ಣಿಗೆ ಬೀಳುವ ಮೊದಲೇ ನೇರ ಸಿಐಎನ್ 3 (ಕ್ಯಾನ್ಸರ್‌ಗೆ ಮುಂಚಿನ ತೀವ್ರ ಬದಲಾವಣೆ) ಸಿಗುತ್ತದೆ. ಜೊತೆಗೆ ಪ್ಯಾಪ್‌ನಲ್ಲಿ ನೋಡುವುದು ಬ್ರಷ್‌ಗೆ ಅಂಟಿದ ಜೀವಕೋಶಗಳನ್ನು ಮಾತ್ರ. ಕೆಟ್ಟ ಜಾಗ ತಪ್ಪಿಹೋಗಬಹುದು. ಕಾಲ್ಪಾಸ್ಕೋಪಿಯಲ್ಲಿ ತೆಳು ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದರೆ ಅಂಥ ಜಾಗ ಬೆಳ್ಳಗಾಗಿ ಎದ್ದು ಕಾಣುತ್ತದೆ. ಬಯಾಪ್ಸಿಯನ್ನು ಅಲ್ಲಿಂದಲೇ ತೆಗೆಯುತ್ತೇವೆ.

ಪ್ರಶ್ನೆ: ಒಂದೇ ವೈರಸ್‌ನ ಟೈಪ್‌ಗಳಲ್ಲಿ ಇಷ್ಟು ವ್ಯತ್ಯಾಸ ಹೇಗೆ ಡಾಕ್ಟ್ರೇ?

ಉತ್ತರ: ಇ6, ಇ7 ಅಂತ ಈ ವೈರಸ್‌ನ ಎರಡು ಪ್ರೋಟೀನ್‌ಗಳಿವೆ. ನಮ್ಮ ಜೀವಕೋಶದಲ್ಲಿ ಪಿ53 ಮತ್ತು ಆರ್‌ಬಿ ಅನ್ನೋ ಪ್ರೋಟೀನ್‌ಗಳು ಅತಿ ಬೆಳವಣಿಗೆ ತಡೆಯುವ ಬ್ರೇಕ್ ಇದ್ದ ಹಾಗೆ. ಹೈ ರಿಸ್ಕ್ ಟೈಪ್‌ಗಳ ಇ6 ಪ್ರೋಟೀನು ಪಿ53ಯನ್ನು ನಾಶಮಾಡಿಸುತ್ತದೆ, ಇ7 ಆರ್‌ಬಿಯನ್ನು ಕೆಡಿಸುತ್ತದೆ. 6, 11ರಲ್ಲೂ ಇವೇ ಪ್ರೋಟೀನ್‌ಗಳಿವೆ, ಆದರೆ ಹಿಡಿತ ಬಲಹೀನ. ಆದರೂ ಕ್ಯಾನ್ಸರ್ ಆಗಬೇಕಾದರೆ ವೈರಸ್ ವರ್ಷಗಟ್ಟಲೆ ಕೂತಿರಬೇಕು, ಸಾಮಾನ್ಯವಾಗಿ 15-20 ವರ್ಷ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5-10 ವರ್ಷ ಸಾಕು. ಸಿಗರೇಟು ಸೇದುವವರಿಗೂ ಅಪಾಯ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ನನಗೆ 18 ಬಂದಿದೆ. ಕಾಲ್ಪಾಸ್ಕೋಪಿಯಲ್ಲಿ ಏನೂ ಕಾಣಲಿಲ್ಲ, ಆದ್ರೂ ಒಳಗಿಂದ ಸ್ಯಾಂಪಲ್ ತೆಗೆದರು. ಬೇಕಿತ್ತಾ?

ಉತ್ತರ: ಬೇಕಿತ್ತು. 18 ಹೆಚ್ಚಾಗಿ ಒಳಗಿನ ನಾಳದ ಗ್ರಂಥಿ ಜೀವಕೋಶಗಳಲ್ಲೂ ತೊಂದರೆ ಮಾಡುತ್ತದೆ. ಆ ಜಾಗ ಹೊರಗಿಂದ ಸರಿಯಾಗಿ ಕಾಣುವುದಿಲ್ಲ. ಒಳಗಿನ ಸ್ಯಾಂಪಲ್ಲೂ ಕ್ಲಿಯರ್ ಬಂದರೆ ನಿರಾಳ, ಆದರೆ ವರ್ಷದ ತಪಾಸಣೆ ತಪ್ಪಿಸಬೇಡಿ.

ಪ್ರಶ್ನೆ: ಈಗ ಲಸಿಕೆ ಹಾಕಿಸಿಕೊಂಡರೆ ಹೋಗುತ್ತಾ? ಮತ್ತೆ, ಇದು ನನ್ನ ಗಂಡನಿಂದಲೇ ಬಂದದ್ದಾ?

ಉತ್ತರ: ಒಳಗಿರುವ ವೈರಸ್ಸನ್ನು ಲಸಿಕೆ ಓಡಿಸುವುದಿಲ್ಲ, ಇನ್ನೂ ತಗುಲದ ಟೈಪ್‌ಗಳಿಂದ ಕಾಪಾಡುತ್ತದೆ. ಎರಡನೇ ಪ್ರಶ್ನೆಗೆ ಯಾವ ಟೆಸ್ಟಿಂದಲೂ ಉತ್ತರ ಸಿಗುವುದಿಲ್ಲ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ರಿಪೋರ್ಟ್ ಹಿಡಿದು ಮನೆಯಲ್ಲಿ ಜಗಳಕ್ಕೆ ಕೂರಬೇಡಿ ದಯವಿಟ್ಟು.

ಮೊದಲು ಕೇಳಿದವರು: ಹಾಗಾದ್ರೆ ಒಂದು ವರ್ಷದ ನಂತರವೂ ನನಗೆ "ಇತರ" ಪಾಸಿಟಿವ್ ಬಂದರೆ?

ಉತ್ತರ: ಆ "ಇತರ" ಅನ್ನೋ ಗುಂಪಲ್ಲಿ 31, 33, 52, 58ರಂಥ ಹನ್ನೆರಡು ಟೈಪ್‌ಗಳು ಒಟ್ಟಿಗೆ ಇರುತ್ತವೆ. ಹಳೆಯದೇ ಉಳಿದಿದೆಯೋ ಹೊಸದು ಬಂದಿದೆಯೋ ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಹಳೆಯದೇ ಅಂದುಕೊಂಡು ಮತ್ತೆ ಕಾಲ್ಪಾಸ್ಕೋಪಿ ಮಾಡುತ್ತಾರೆ. ಈಗಿನ ಬಯಾಪ್ಸಿ ರಿಪೋರ್ಟನ್ನೂ ಆಗ ಜೊತೆಗೆ ತಗೊಂಡು ಹೋಗಿ.