ಟಂಗ್ ಟೈ ಜೊತೆ ಲಿಪ್ ಟೈನೂ ಕಟ್ ಮಾಡಿಸ್ಬೇಕಾ?

ಹೊಸ ಬಾಣಂತಿ:
ಮಗುಗೆ 19 ದಿನ. ಹಾಲಿಗೆ ಹಾಕ್ಕೊಂಡ್ರೆ ಮುಕ್ಕಾಲು ಗಂಟೆ ಬಿಡಲ್ಲ, ಬಿಟ್ಟ ಹತ್ತು ನಿಮಿಷಕ್ಕೆ ಮತ್ತೆ ಅಳು, ಕುಡಿಯುವಾಗ ಟಕ್ ಟಕ್ ಅಂತ ಸದ್ದು ಬೇರೆ, ನನ್ನ ತೊಟ್ಟು ಒಡೆದು ರಕ್ತ ಬರ್ತಿದೆ. ಅಳುವಾಗ ನೋಡಿದ್ರೆ ನಾಲಿಗೆ ತುದಿ ಒಳಗೆ ಎಳ್ಕೊಂಡು ಹಾರ್ಟ್ ಶೇಪ್ ಆಗತ್ತೆ. ಒಂದು ಕ್ಲಿನಿಕ್ಕಲ್ಲಿ ತೋರಿಸಿದ್ವಿ, ಟಂಗ್ ಟೈ (ನಾಲಿಗೆ ಕೆಳಗಿನ ಪದರ ಬಿಗಿಯಾಗಿರೋದು), ಲಿಪ್ ಟೈ (ಮೇಲ್ತುಟಿ ಒಳಗಿನ ಪದರ ಬಿಗಿಯಾಗಿರೋದು) ಎರಡೂ ಇದೆ, ಲೇಸರಲ್ಲಿ ಒಟ್ಟಿಗೆ ತೆಗೀತೀವಿ ಅಂದ್ರು. ಅಜ್ಜಿ ಅಂತೂ ಬಜೆ ತೇಯ್ದು ಜೇನಲ್ಲಿ ಕಲಸಿ ತಿಕ್ಕು, ತಾನೇ ಸಡಿಲ ಆಗತ್ತೆ ಅಂತ ಹಿಡ್ಕೊಂಡಿದಾರೆ. ಮಾಡಿಸಿದೋರು ಯಾರಾದ್ರೂ ಇದೀರಾ?

ಇಬ್ಬರು ಮಕ್ಕಳಮ್ಮ:
ನನ್ನ ಎರಡನೇದಕ್ಕೆ 5 ವಾರದಲ್ಲಿ ನಾಲಿಗೆದು ಮಾತ್ರ ಮಾಡಿಸ್ದೆ. ಟವೆಲಲ್ಲಿ ಸುತ್ತಿ, ನಾಲಿಗೆ ಎತ್ತಿ ಹಿಡಿದು ಕತ್ತರಿಯಲ್ಲಿ ಚಕ್ ಅಂತ ಕತ್ತರಿಸಿದ್ರು, ನಾನು ಕಣ್ಣು ಮುಚ್ಕೊಂಡು ತೆಗೆಯೋಷ್ಟರಲ್ಲಿ ಮುಗಿದಿತ್ತು. ಗಾಜ್ ಮೇಲೆ ನಾಲ್ಕು ಹನಿ ರಕ್ತ, ಕೂಡಲೇ ಎದೆಗೆ ಹಾಕ್ಕೊಳಿ ಅಂದ್ರು. ಆಮೇಲೆ ನಾಲಿಗೆ ಕೆಳಗೆ ಬಿಳಿ-ಹಳದಿ ಕಲೆ ಬಂತು, ಕೀವು ಅಂದ್ಕೊಂಡು ರಾತ್ರಿ ಹನ್ನೊಂದಕ್ಕೆ ಡಾಕ್ಟ್ರಿಗೆ ಫೋನ್ ಮಾಡಿ ಬೈಸ್ಕೊಂಡೆ, ಅದು ಗಾಯ ಮಾಯ್ತಿರೋ ಗುರುತಂತೆ. ಆದ್ರೆ ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ, ಲ್ಯಾಕ್ಟೇಶನ್ ಕೌನ್ಸೆಲರ್ (ಹಾಲುಣಿಸೋದು ಹೇಳಿಕೊಡೋರು) ಮಗು ಬಾಯಲ್ಲಿ ಎದೆ ಹಿಡಿಯೋ ರೀತಿ ತಿದ್ದಿದ ಮೇಲೇ ನೋವು ಪೂರ್ತಿ ಹೋಗಿದ್ದು.

ಮಕ್ಕಳ ವಾರ್ಡ್ ಪಿಜಿ:
ಮೊದಲು ತೂಕ ನೋಡಿಸಿ. ಸಾಮಾನ್ಯವಾಗಿ ಎರಡು ವಾರಕ್ಕೆ ಹುಟ್ಟಿದ ತೂಕ ವಾಪಸ್ ಬಂದಿರ್ಬೇಕು, ದಿನಕ್ಕೆ 6 ಸಲನಾದ್ರೂ ಉಚ್ಚೆ ಹೊಯ್ಬೇಕು. ಲ್ಯಾಚ್, ಅಂದ್ರೆ ಮಗು ಎದೆ ಹಿಡಿಯೋ ರೀತಿ, ಸರಿ ಮಾಡಿದ ಮೇಲೂ ನೋವು ಹೋಗದಿದ್ರೆ ನಾಲಿಗೆದು ಕತ್ತರಿಸೋದ್ರಲ್ಲಿ ಅರ್ಥ ಇದೆ, ಹಲವು ಸ್ಟಡಿಗಳನ್ನ ಒಟ್ಟಿಗೆ ನೋಡಿದ 2017ರ ಕೊಕ್ರೇನ್ ರಿವ್ಯೂನಲ್ಲೂ ಅಮ್ಮಂದಿರ ತೊಟ್ಟಿನ ನೋವು ಕಡಿಮೆ ಆಗಿದ್ದು ಕಂಡಿದೆ. ಲಿಪ್ ಟೈ ಬಿಟ್ಬಿಡಿ! ಮೇಲ್ತುಟಿ ಒಳಗಿನ ಆ ಪದರ ಹೆಚ್ಚುಕಮ್ಮಿ ಎಲ್ಲ ಕೂಸುಗಳಿಗೂ ಇರತ್ತೆ, ದವಡೆ ಬೆಳೀತಾ ಮೇಲಕ್ಕೆ ಸರಿಯತ್ತೆ, ಹಾಲು ಕುಡಿಯೋಕೆ ಅಂತ ಅದನ್ನ ಕತ್ತರಿಸೋಕೆ ಆಧಾರ ಇಲ್ಲ. ಲೇಸರ್ ಕತ್ತರಿಗಿಂತ ಮೇಲು ಅನ್ನೋಕೂ ಪುರಾವೆ ಇಲ್ಲ, ಬಿಲ್ ಮಾತ್ರ ಮೇಲು. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಆಗಿದ್ಯಾ, ಮನೇಲಿ ಯಾರಿಗಾದ್ರೂ ರಕ್ತ ನಿಲ್ಲದ ಕಾಯಿಲೆ ಇದ್ಯಾ, ಇವೆರಡನ್ನ ಮರೀದೇ ಹೇಳಿ. ಜೇನು ಒಂದು ವರ್ಷದವರೆಗೆ ಬೇಡವೇ ಬೇಡ, ಬಾಟುಲಿಸಂ (ನರಗಳಿಗೆ ಹೊಡೆಯೋ ವಿಷಬಾಧೆ) ಅಪಾಯ. ಬಜೆ ತಿಕ್ಕಿದ್ರೆ ಪದರ ಸಡಿಲ ಆಗಲ್ಲ.

ಬಾಲೆಹಣ್ಣು:
ನಂಗೆ 9 ವರ್ಷಕ್ಕೆ ಮಾಡಿಸಿದ್ರು, ಹೊಲಿಗೆನೂ ಹಾಕಿದ್ರು. ನಾಲಿಗೆ ಮೇಲಕ್ಕೆ ಮಡಚೋಕಾಗ್ದೆ ಳ, ಣ ಬರ್ತಿರ್ಲಿಲ್ಲ, ಕ್ಲಾಸಲ್ಲಿ ನಗೋರು. (ಈಗ ನೋಡಿದ್ರೆ ನಾಲಿಗೆ ನೆಟ್ಟಗಿರೋರೂ ಬಾಲೆಹಣ್ಣು ಅಂತಾರೆ, ಅವ್ರಿಗೆ ಯಾವ ಆಪರೇಷನ್ನೋ.) ಕತ್ತರಿಸಿದ ತಕ್ಷಣ ಳ ಬರಲಿಲ್ಲ, ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ ಸ್ಪೀಚ್ ಥೆರಪಿ ತಗೊಂಡ ಮೇಲೆ ಬಂತು. ಇನ್ನೊಂದು, ಮಾತೇ ಲೇಟ್ ಆದ್ರೆ ಟಂಗ್ ಟೈ ಮೇಲೆ ಹಾಕ್ಬೇಡಿ, ಮೊದ್ಲು ಕಿವಿ ಟೆಸ್ಟ್ ಮಾಡ್ಸಿ, ಅಲ್ಲಿ ನಂಗೆ ಅದೇ ಹೇಳಿದ್ದು.

ಹೊಸ ಬಾಣಂತಿ:
ಎಲ್ರಿಗೂ ಥ್ಯಾಂಕ್ಸ್. ಇವತ್ತು ತೂಕ ಹಾಕಿಸ್ದೆ, ಹುಟ್ಟಿದಾಗಿಗಿಂತ ಇನ್ನೂ 90 ಗ್ರಾಂ ಕಮ್ಮಿ. ಬೇರೆ ಡಾಕ್ಟ್ರು ಲ್ಯಾಚ್ ನೋಡಿ, ಹಿಂಡಿದ ಹಾಲು ಒಳಲೆಯಲ್ಲಿ ಕೊಡಿ, ಶುಕ್ರವಾರ ನಾಲಿಗೆದು ಮಾತ್ರ ಮಾಡೋಣ ಅಂದ್ರು. ಅಜ್ಜಿಗೆ ಇನ್ನೂ ಹೇಳಿಲ್ಲ, ಜೇನಿನ ಬಾಟಲಿ ಮಾತ್ರ ಅಟ್ಟಕ್ಕೆ ಏರ್ಸಿದೀನಿ.